ಹೊಲವನ್ನು ಒಪ್ಪಿಸುವ ಕಾಲ

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಸೀಮೆಯಲ್ಲಿ ಒಕ್ಕಲುತನವು ತಂದೆಯಿಂದ ಮಕ್ಕಳಿಗೆ ತಾನಾಗಿಯೇ ಇಳಿದು ಬರುವುದೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಭೂಮಿಯೇನೋ ಹಾಗೆ ಬರಬಹುದು. ಅದನ್ನು ನಡೆಸುವ ತಿಳಿವಳಿಕೆ ಹಾಗೆ ಬಾರದು.

ಕೆಲವು ವರ್ಷಗಳ ಕೆಳಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ತಂದೆಯ ಉತ್ತರಕ್ರಿಯೆಗಳು ಮುಗಿದ ವಾರದಲ್ಲಿಯೇ, ಕಾಗದಗಳ ಕಟ್ಟೊಂದನ್ನು ಹಿಡಿದು ನಮ್ಮ ಮನೆಗೆ ಬಂದನು. ಪಟ್ಟಾದಾರು ಪಾಸ್‌ಪುಸ್ತಕ, ಅಡಂಗಲ್ ನಕಲು, ಬ್ಯಾಂಕಿನ ನೋಟೀಸು, ಎಲ್ಲವೂ ತೆಲುಗಿನಲ್ಲಿದ್ದವು. ಅಕ್ಷರಗಳನ್ನು ಓದಬಲ್ಲವನಾದರೂ ಕಂದಾಯದ ಮಾತುಗಳು ಅವನಿಗೆ ತಿಳಿಯಲಿಲ್ಲ. "ಸಾಲ ಎಷ್ಟು ಉಳಿದಿದೆ, ಸಾರ್?" ಎಂದು ಕೇಳಿದನು. ಬಾಲ್ಯದಿಂದ ಆ ಹೊಲದಲ್ಲಿ ದುಡಿದವನಿಗೆ ಅದರ ಲೆಕ್ಕವನ್ನು ತಂದೆ ಎಂದೂ ಹೇಳಿರಲಿಲ್ಲ. ಮಕ್ಕಳು ನೊಂದಾರೆಂದು ಸಾಲವನ್ನು ಮರೆಮಾಡುವ ತಂದೆಯರು ನಮ್ಮಲ್ಲಿ ಅನೇಕರು.

ಅನಂತಪುರದ ನೆಲದಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಕಡಲೆಕಾಯಿ ಹೂವಾಗಿ ಕಾಯಿಕಟ್ಟುವ ಸಮಯಕ್ಕೆ ಅದೂ ಕೈಕೊಟ್ಟರೆ ಬೀಜದ ಹಣವೂ ಹುಟ್ಟದು. ಇಂತಲ್ಲಿ ತಂದೆಯ ಅನುಭವವೇ ದೊಡ್ಡ ಆಸ್ತಿ. ಎಲ್ಲಿ ಮಣ್ಣು ತೆಳು, ಎಲ್ಲಿ ಕೊಳವೆ ಬಾವಿ ಕೊರೆಯಿಸಿ ಹಣ ಕಳೆದುಕೊಂಡೆವು, ಎಷ್ಟು ಅಡಿಗೆ ಬಂಡೆ ಸಿಕ್ಕಿತು ಎಂಬುದು ಯಾವ ದಾಖಲೆಯಲ್ಲಿಯೂ ಇಲ್ಲ. ವಿದ್ಯಾರ್ಥಿಗಳೇ, ಈ ಬೇಸಿಗೆ ರಜೆಯಲ್ಲಿ ತಂದೆಯೊಡನೆ ಹೊಲವನ್ನು ಸುತ್ತಿ, ಸರ್ವೆ ನಂಬರುಗಳ ಸಹಿತ ಅದರ ನಕ್ಷೆಯನ್ನು ಬರೆಯಿರಿ.

ಪೋಷಕರಲ್ಲಿ ಒಂದು ಬಿನ್ನಹ. ದೊಡ್ಡ ಮಕ್ಕಳಿಗೆ ಅರ್ಧ ಎಕರೆಯನ್ನಾದರೂ ಬಿಟ್ಟುಕೊಡಿ. ಬೀಜ, ಗೊಬ್ಬರ, ಕೂಲಿ, ಮಾರಾಟ ಇವೆಲ್ಲವನ್ನೂ ಅವರೇ ಬರೆದಿಡಲಿ. ಕದಿರಿಯ ಸಂಶೋಧನಾ ಕೇಂದ್ರದಿಂದ ಬಂದ 'ಕದಿರಿ ಲೇಪಾಕ್ಷಿ' ತಳಿಯನ್ನು ಹಳೆಯ ತಳಿಯ ಪಕ್ಕದಲ್ಲಿ ಬಿತ್ತಿ ನೋಡಲಿ; ಹಿಪ್ಪುನೇರಳೆ ಇರುವವರು ಗೂಡನ್ನು ಹಿಂದೂಪುರದ ಮಾರುಕಟ್ಟೆಗೆ ಒಯ್ಯುವಾಗ ಜೊತೆಗೆ ಕರೆದೊಯ್ಯಲಿ. ನಷ್ಟವಾದರೆ ಅರ್ಧ ಎಕರೆಯಲ್ಲಿ ಆಗಲಿ.

ಹೆಣ್ಣುಮಕ್ಕಳನ್ನು ಬಿಡತಕ್ಕದ್ದಲ್ಲ. ಆಂಧ್ರಪ್ರದೇಶದ 1986ರ ತಿದ್ದುಪಡಿಯು ಒಟ್ಟು ಕುಟುಂಬದ ಆಸ್ತಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಾನ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯಿಂದ ವಿವಾಹಿತರಿಗೂ ಅದು ದೊರೆಯಿತು. ಹಕ್ಕುಳ್ಳವಳಿಗೆ ಲೆಕ್ಕವೂ ತಿಳಿದಿರಬೇಡವೆ?

ಉಪಾಧ್ಯಾಯರಾದ ನಮ್ಮ ತಪ್ಪೂ ಇದೆ. ಓದದ ಹುಡುಗನಿಗೆ "ನೇಗಿಲು ಹಿಡಿಯುವುದೇ ನಿನ್ನ ಗತಿ" ಎಂದು ಗದರಿಸಿದವರಲ್ಲಿ ನಾನೂ ಒಬ್ಬನು.

ಆ ಹಳೆಯ ವಿದ್ಯಾರ್ಥಿಯ ಮಗಳು ಈಗ ನಮ್ಮಲ್ಲಿಯೇ ಏಳನೆಯ ತರಗತಿಯಲ್ಲಿದ್ದಾಳೆ. ತಂದೆಯೂ ತಾನೂ ಕೂಡಿ ಬರೆದ ಹೊಲದ ನಕ್ಷೆಯನ್ನು ಮೊನ್ನೆ ನನಗೆ ತೋರಿಸಿದಳು. ನೀರು ಬಾರದ ಮೂರು ಕೊಳವೆ ಬಾವಿಗಳ ಗುರುತೂ ಅದರಲ್ಲಿದೆ.