ಕೊನೆಗೆ ದೀಪ ಹಚ್ಚುವ ಚಿತ್ರ

ಕೊಟ್ಟೂರಿನ ಓಣಿಯೊಂದರ ಸಣ್ಣ ಕೋಣೆಯಲ್ಲಿ, ಕ್ಯಾನ್ವಾಸಿನ ಮೇಲೆ ಆ ಹೆಣ್ಣುಮಗಳು ಅರ್ಧ ಮೂಡಿದ್ದಳು. ಮುಖವಿನ್ನೂ ಕಂದು ನೆರಳಿನಲ್ಲೇ ಇತ್ತು. ದೀಪಕ್ಕೆ ಅಡ್ಡ ಹಿಡಿದ ಕೈಯ ಬೆರಳುಗಳ ಅಂಚು ಮಾತ್ರ ಕೆಂಪಗಾಗಿತ್ತು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ನೋಡಿಬಂದಿರುವ, ರವಿವರ್ಮನದೆಂದು ಎಷ್ಟೋ ಜನ ಇವತ್ತಿಗೂ ನಂಬಿರುವ, ಎಸ್.ಎಲ್. ಹಲ್ದಂಕರ್ ಅವರ ಚಿತ್ರದ ಪ್ರತಿ ಅದು. ಬೋರ್ಡ್ ಬರೆದು ಬದುಕುತ್ತಿದ್ದು, ಫ್ಲೆಕ್ಸ್ ಬಂದ ಮೇಲೆ ಭಾವಚಿತ್ರಕ್ಕೆ ಹೊರಳಿದ ಇಲ್ಲಿನ ಕಲಾವಿದರೊಬ್ಬರು ಅದನ್ನು ಬರೆಯುತ್ತಿದ್ದಾರೆ. ಇದನ್ನು ಬರೆಯುತ್ತಿರುವುದು ಮಾರಾಟಕ್ಕಲ್ಲ, ಕೈ ಪಳಗಲೆಂದು.

ಆದರೆ ಇವರದು ಎಣ್ಣೆವರ್ಣ, ಮೂಲಚಿತ್ರ ಜಲವರ್ಣದ್ದು! ನನ್ನನ್ನು ಹಿಡಿದು ಕೂರಿಸಿದ್ದು ಇದೇ. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಅದನ್ನು ಮೊದಲೇ ಕಾಯ್ದುಕೊಳ್ಳಬೇಕು, ಬಣ್ಣ ಬಿದ್ದ ಮೇಲೆ ಮರಳಿ ಸಿಗುವುದು ಕಷ್ಟ. ಎಣ್ಣೆವರ್ಣದ ದಾರಿ ತಿರುಗುಮುರುಗು. ಮೊದಲು ಟರ್ಪೆಂಟೈನಿನಲ್ಲಿ ತೆಳುವಾದ ಕಂದು ‘ಅಂಬರ್’ ಬಳಿದು ಕತ್ತಲು ಕಟ್ಟಬೇಕು. ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಹೆಚ್ಚುತ್ತ ಹೋಗಬೇಕು, ಇಲ್ಲವಾದರೆ ಒಣಗಿದ ಮೇಲೆ ಬಿರುಕು. ಬೆರಳಿನ ಕೆಂಪಿಗೆ ತೆಳು ಪದರದ ಮೇಲೆ ತೆಳು ಪದರ. ಜ್ವಾಲೆಯ ದಪ್ಪ ಹಳದಿ ಎಲ್ಲಕ್ಕಿಂತ ಕೊನೆಗೆ. “ಕತ್ತಲಿ ಒಣಗಬೇಕ್ ಸರ, ಆಮ್ಯಾಲ ದೀಪ ಹಚ್ಚಾದು,” ಅಂದರು ಆ ಕಲಾವಿದರು. ಹಲ್ದಂಕರ್ ಇಟ್ಟ ಹೆಜ್ಜೆ ಇವರಿಗೆ ಒದಗುವುದಿಲ್ಲ. ಚಿತ್ರ ಅದೇ ಆದರೂ ಪ್ರತಿ ನೆರಳಿಗೂ ಸ್ವಂತ ದಾರಿ ಹುಡುಕಬೇಕು. ಇದನ್ನು ಬರೀ ನಕಲು ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಹೆಸರಾದ ಕಲಾವಿದರೂ ಇನ್ನೊಬ್ಬರ ಕೆಲಸ ನೋಡಿ ಕೈ ಪಳಗಿಸಿಕೊಂಡವರೇ. ಐವತ್ತು ದಾಟಿ, ಯುರೋಪಿಗೆಲ್ಲ ಹೆಸರಾಗಿದ್ದ ಚಿತ್ರಕಾರ ರೂಬೆನ್ಸ್ 1628ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಇನ್ನೊಬ್ಬ ಚಿತ್ರಕಾರ ಟಿಷಿಯನ್ನನ ‘ಆಡಂ ಮತ್ತು ಈವ್’ ಚಿತ್ರವನ್ನು ಮತ್ತೆ ಬರೆದ. ಮೂಲದಲ್ಲಿಲ್ಲದ ಗಿಳಿಯೊಂದನ್ನೂ ಕೂರಿಸಿದ. ನಮ್ಮ ರವಿವರ್ಮ ತಿರುವಾಂಕೂರು ಅರಮನೆಯಲ್ಲಿ ಚಿತ್ರಕಾರ ಥಿಯೊಡೋರ್ ಜೆನ್ಸನ್ ಬರೆಯುವುದನ್ನು ಕಣ್ಣಲ್ಲೇ ಕಲಿತವನು.  

ನನ್ನ ತಕರಾರು ಮೊಬೈಲಿನಲ್ಲಿ ಸಿಕ್ಕ ಚಿತ್ರ ನೋಡಿ ಬರೆಯುವುದರ ಬಗ್ಗೆ. ಅದರಿಂದ ತೆಗೆಸಿ ಗೋಡೆಗೆ ಅಂಟಿಸಿದ್ದ ಎರಡು ಪ್ರಿಂಟುಗಳಲ್ಲಿ ಒಂದು ಕೆಂಪಗೆ, ಇನ್ನೊಂದು ಹಳದಿಗೆ ತಿರುಗಿತ್ತು. ಯಾವುದನ್ನು ನಂಬುವುದು? ಹಲ್ದಂಕರ್ ಚಿತ್ರಕ್ಕೆ ಅವರ ಮಗಳು ಗೀತಾ ದೀಪ ಹಿಡಿದು ನಿಂತಂತೆ, ಇವರೂ ಕರೆಂಟು ಹೋದಾಗ ತಂಗಿಯ ಕೈಗೆ ಹಣತೆ ಕೊಟ್ಟು ನೋಡಿದರಂತೆ: ಬೆಳಕು ಕೆಳಗಿನಿಂದ ಬರುವುದರಿಂದ ಮೂಗಿನ ನೆರಳು ಮೇಲಕ್ಕೆ ಏರುತ್ತದೆ, ಗದ್ದದ ಅಡಿಭಾಗ ಬೆಳಗುತ್ತದೆ. ಆ ಪ್ರಿಂಟುಗಳಿಗಿಂತ ಇದು ನಿಜ. ಆದರೂ ಮುಖಕ್ಕೆ ಕೈ ಹಾಕುವ ಮೊದಲು ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಹೋಗಿಬನ್ನಿ, ಕೆನ್ನೆಯ ಬಣ್ಣ ಎಲ್ಲಿ ನೆರಳಿಗೆ ಇಳಿಯುತ್ತದೆಂದು ಮೂಲದಲ್ಲೇ ನೋಡಿ ಎಂದೆ. ಬಣ್ಣ ಒಣಗುವುದರೊಳಗೆ ಹೋಗಿಬರುತ್ತೇನೆ ಎಂದಿದ್ದಾರೆ.