ದೀಪ ಹಚ್ಚುವ ಹೊತ್ತಿಗೆ ಕೈಮುಗಿಯುವ ಎಲೆ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಹಜಾರದ ಮೂಲೆಯಲ್ಲಿ ಒಂದು ಗಿಡ ಮೆಲ್ಲಗೆ ಎಲೆ ಎತ್ತತೊಡಗುತ್ತದೆ. ಹಗಲೆಲ್ಲ ತಟ್ಟೆಯಂತೆ ಅಗಲವಾಗಿ ಹರಡಿಕೊಂಡಿದ್ದ ಎಲೆಗಳು ರಾತ್ರಿ ಊಟದ ವೇಳೆಗೆ ನೆಟ್ಟಗೆ ನಿಂತು, ಅಂಗೈ ಜೋಡಿಸಿದಂತೆ ಕಾಣುತ್ತವೆ. ಕಡುಹಸಿರಿನ ಮೇಲೆ ಯಾರೋ ಕುಂಚದಲ್ಲಿ ಎಳೆದಂತಿರುವ ಕೆಂಪು ಗೆರೆಗಳು ಒಳಗೆ ಅಡಗಿ, ಎಲೆಯ ಕೆಳಮೈಯ ನೇರಳೆ ಬಣ್ಣ ಹೊರಗೆ ಬರುತ್ತದೆ.

ನರ್ಸರಿಗಳಲ್ಲಿ ಇದಕ್ಕೆ ಪ್ರೇಯರ್ ಪ್ಲಾಂಟ್ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಮರಾಂಟಾ ಲ್ಯೂಕೋನ್ಯೂರಾ. ಮೊದಲ ಪದ 16ನೇ ಶತಮಾನದ ಇಟಲಿಯ ವೈದ್ಯ, ಸಸ್ಯಜ್ಞ ಬಾರ್ತಲೋಮಿಯೋ ಮರಾಂಟಾನ ನೆನಪಿಗೆ. ನಮ್ಮ ಗಿಡದ ಗೆರೆಗಳು ಕೆಂಪಾದರೂ ಎರಡನೆಯದಕ್ಕೆ ಗ್ರೀಕ್‌ನಲ್ಲಿ ‘ಬಿಳಿ ನರ’ ಎಂಬ ಅರ್ಥ. ತವರು ಬ್ರೆಜಿಲ್‌ನ ಮಳೆಕಾಡು. ಆದರೆ ಈ ಕುಲ ನಮಗೆ ಹೊಸದಲ್ಲ. ಕರಾವಳಿ, ಮಲೆನಾಡಿನ ಹಿತ್ತಲುಗಳಲ್ಲಿ ಗಡ್ಡೆಗಾಗಿ ಬೆಳೆಸುವ ಕೂವೆ ಇದರ ಒಡಹುಟ್ಟು, ಮರಾಂಟಾ ಅರುಂಡಿನೇಸಿಯಾ. ಕೂವೆ ಹಿಟ್ಟಿನ ಗಂಜಿ ಕುಡಿದವರೆಲ್ಲ ಈ ಬಳಗದ ಋಣದಲ್ಲಿದ್ದಾರೆ.

ಎಲೆ ಏಳುವುದು ಹೇಗೆ? ತೊಟ್ಟು ಎಲೆಯನ್ನು ಸೇರುವ ಜಾಗದಲ್ಲಿ ಸಣ್ಣದೊಂದು ಉಬ್ಬು ಇದೆ. ಅದರ ಹೆಸರು ಪಲ್ವಿನಸ್. ಬಾಗಿಲಿಗೆ ತಿರುಗಣಿ ಇದ್ದಂತೆ ಎಲೆಗೆ ಇದು. ಇದನ್ನು ತಿರುಗಿಸುವುದು ನೀರು. ಪೊಟ್ಯಾಸಿಯಂ ಅಯಾನುಗಳು ಒಂದು ಬದಿಯ ಜೀವಕೋಶಗಳಿಗೆ ನುಗ್ಗಿದರೆ ಅವುಗಳ ಬೆನ್ನಿಗೇ ನೀರೂ ನುಗ್ಗುತ್ತದೆ. ಆ ಬದಿ ಬಿರಿದು ನಿಲ್ಲುತ್ತದೆ. ಎದುರು ಬದಿಯ ಕೋಶಗಳು ನೀರು ಬಿಟ್ಟು ಕುಗ್ಗುತ್ತವೆ. ಎಲೆ ಏಳುತ್ತದೆ. ಬೆಳಗಾಗುತ್ತಲೇ ಎಲ್ಲವೂ ತಿರುವುಮುರುವು.

ಇದಕ್ಕೆ ಹೊತ್ತು ಹೇಳಿಕೊಡುವುದು ಬೆಳಕೊಂದೇ ಅಲ್ಲ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡ ಮೆರಾನ್ ಮುಟ್ಟಿದರೆ ಮುನಿಯ ಜಾತಿಯ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಸೂರ್ಯನನ್ನು ಕಾಣದೆಯೂ ಅದರ ಎಲೆಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿದವು. ಗಿಡದೊಳಗೇ ಗಡಿಯಾರವಿದೆ ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಅದು. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್‌ನ ನೆರವಿನಿಂದ ಸಸ್ಯಗಳ ಚಲನೆಯ ಬಗ್ಗೆ ಬರೆದ ಗ್ರಂಥದಲ್ಲಿ ನಮ್ಮ ಕೂವೆಯ ಎಲೆಯ ನಿದ್ದೆಯೂ ದಾಖಲಾಗಿದೆ.

ಈ ತಿರುಗಣಿಯನ್ನು ಅರಿತರೆ ಆರೈಕೆಯ ಅರ್ಧ ಪಾಠ ಮುಗಿದಂತೆ. ಗಿಡ ತಂದ ಮೊದಲ ಬೇಸಿಗೆಯಲ್ಲಿ ಚೆನ್ನಾಗಿ ಬೆಳಕು ಬೀಳಲೆಂದು ನಾನು ಅದನ್ನು ಪಡುವಣ ಕಿಟಕಿಗೆ ಇಟ್ಟೆ, ಬೋರ್‌ವೆಲ್ ನೀರು ಹಾಕಿದೆ. ಎರಡೇ ವಾರದಲ್ಲಿ ಕೆಂಪು ಗೆರೆಗಳು ಮಂಕಾದವು, ಎಲೆಯ ಅಂಚು ಕಂದಿ ಗರಿಗರಿಯಾಯಿತು, ಸಂಜೆ ಎಲೆ ಏಳುವುದೂ ನಿಂತಿತು. ದೊಡ್ಡ ಮರಗಳ ನೆರಳಲ್ಲಿ, ಉದುರೆಲೆಯ ತೇವದಲ್ಲಿ ಬೆಳೆಯುವ ಗಿಡಕ್ಕೆ ನಾನು ಬಯಲಿನ ಬಾಳು ಕೊಟ್ಟಿದ್ದೆ.

ಅದಕ್ಕೆ ಬೇಕಾದದ್ದು ಸೋಸಿ ಬಂದ ಬೆಳಕು: ಕಿಟಕಿಯಿಂದ ನಾಲ್ಕಡಿ ದೂರ, ಇಲ್ಲವೇ ತೆಳು ಪರದೆಯ ಮರೆ. ಮೇಲ್ಮಣ್ಣು ಒಣಗುತ್ತ ಬಂದಾಗ ಬೆರಳಿಟ್ಟು ನೋಡಿ ನೀರು ಕೊಡಬೇಕು. ಗಡಸು ನೀರಿನ ಲವಣ ಕುಂಡದಲ್ಲಿ ಸೇರುತ್ತ ಹೋಗಿ ಎಲೆಯ ತುದಿಯನ್ನು ಸುಡುತ್ತದೆ. ಹಿಡಿದಿಟ್ಟ ಮಳೆನೀರಿಗಿಂತ ಒಳ್ಳೆಯದಿಲ್ಲ. ಕೋಕೋಪೀಟ್, ಎರೆಗೊಬ್ಬರ, ಸ್ವಲ್ಪ ದಪ್ಪ ಮರಳು ಬೆರೆತ ಸಡಿಲ ಮಣ್ಣಿರಲಿ. ಕುಂಡದ ತಳದಲ್ಲಿ ತೂತು ಇರಲೇಬೇಕು, ನೀರು ನಿಂತರೆ ಬೇರು ಕೊಳೆಯುತ್ತದೆ. ಒಣಹವೆಯಲ್ಲಿ ಎಲೆಯಡಿ ನುಸಿ ಸೇರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದೂ ಹೋಗುತ್ತದೆ, ಧೂಳೂ ಹೋಗುತ್ತದೆ. ನಾಲ್ಕಾರು ಕುಂಡಗಳನ್ನು ಗುಂಪಾಗಿಟ್ಟರೆ ಒಂದರ ತೇವ ಇನ್ನೊಂದಕ್ಕೆ ಒದಗುತ್ತದೆ. ಉಷ್ಣಾಂಶ 15 ಡಿಗ್ರಿಗಿಂತ ಇಳಿಯುವ ಚಳಿ ಇದಕ್ಕೆ ಆಗದು. ಕ್ಯಾಲಥಿಯಾ ಎಂದು ಮಾರುವ ನವಿಲುಗರಿ ಚಿತ್ತಾರದ ಗಿಡಗಳೂ ಇದೇ ಕುಟುಂಬದವು. ಅವಕ್ಕೂ ಇದೇ ಉಪಚಾರ.

ಜಾಗ ಬದಲಿಸಿ, ಮಳೆನೀರು ಹಾಕತೊಡಗಿದ ಮೇಲೂ ಕಂದಿದ ಅಂಚು ಹಸಿರಾಗಲಿಲ್ಲ. ಒಣಗಿದ ಭಾಗ ಮರಳಿ ಬರುವುದಿಲ್ಲ. ಆದರೆ ಜೂನ್ ತಿಂಗಳ ಒಂದು ದಿನ ಸುರುಳಿ ಸುತ್ತಿದ ಹೊಸ ಎಲೆಯೊಂದು ಮೂಡಿ, ಬಿಚ್ಚಿಕೊಂಡಿತು. ಆ ಸಂಜೆ ಅದೂ ಉಳಿದವುಗಳ ಜೊತೆ ಎದ್ದು ನಿಂತಿತು. ಈಗ ನೀರಿನ ತಂಬಿಗೆ ಹಿಡಿಯುವ ಮೊದಲು, ಹಿಂದಿನ ರಾತ್ರಿ ಎಲೆ ಎದ್ದಿತ್ತೇ ಎಂದು ನೆನಪಿಸಿಕೊಳ್ಳುತ್ತೇನೆ.