ಜಲಾಂತರ್ಗಾಮಿಯಿಂದ ಹಾರಿದ ‘ಹೆಲಿಕಾಪ್ಟರ್’ಗೆ ಎಂಜಿನ್ನೇ ಇರಲಿಲ್ಲ: ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಸಮುದ್ರದ ಮೇಲೆ ಒಂದು ಜಲಾಂತರ್ಗಾಮಿ. ಅದರ ಹಿಂದೆ ಆಕಾಶದಲ್ಲಿ ಪುಟ್ಟ ಕುರ್ಚಿಯಂಥದ್ದೊಂದು, ಅದರಲ್ಲಿ ಒಬ್ಬ ಮನುಷ್ಯ, ತಲೆಯ ಮೇಲೆ ತಿರುಗುವ ಮೂರು ರೆಕ್ಕೆ. ‘ಹಿಟ್ಲರನ ಜಲಾಂತರ್ಗಾಮಿಗಳಲ್ಲಿ ಹೆಲಿಕಾಪ್ಟರ್ ಇತ್ತು, ಅದು ಸಮುದ್ರದ ನಡುವಿನಿಂದ ಹಾರಿ ಹಡಗುಗಳನ್ನು ಮುಳುಗಿಸುತ್ತಿತ್ತು.’ ಇಂಥ ಚಿತ್ರಗಳ ಜೊತೆ ಹರಿದಾಡುವ ಮಾತಿನ ಸಾರ ಹೆಚ್ಚುಕಮ್ಮಿ ಇಷ್ಟೇ. ಮೂಡಿಗೆರೆಯ ಕಾಫಿ ಬೆಳೆಗಾರರ ಗುಂಪಿರಲಿ, ಕಳಸದ ಹಳೆ ವಿದ್ಯಾರ್ಥಿಗಳ ಗುಂಪಿರಲಿ, ಇಂಥದ್ದು ಬಂದರೆ ಅರ್ಧ ಜನ ‘ಅದ್ಭುತ’ ಅಂತಾರೆ, ಇನ್ನರ್ಧ ಜನ ‘ಎಲ್ಲ ಸುಳ್ಳು, ಎಡಿಟ್ ಮಾಡಿದ್ದು’ ಅಂತಾರೆ.

ಇಬ್ಬರೂ ಪೂರ್ತಿ ಸರಿಯಲ್ಲ. ಏನು ನಿಜ, ಏನು ಅಲ್ಲ, ನಾವು ಬಿಡಿಸಿ ನೋಡೋಣ.

ಒಂದೇ ಉಸಿರಿನಲ್ಲಿ ಹೇಳುವುದಾದರೆ

ಯಂತ್ರ ಇದ್ದದ್ದು ನಿಜ. ಮನುಷ್ಯನನ್ನು ಹೊತ್ತು ಹಾರಿದ್ದೂ ನಿಜ. ಆದರೆ ಅದು ಹೆಲಿಕಾಪ್ಟರ್ ಅಲ್ಲ, ಗಾಳಿಪಟ. ಅದಕ್ಕೆ ಎಂಜಿನ್ ಇರಲಿಲ್ಲ, ಆಯುಧವೂ ಇರಲಿಲ್ಲ. ಅದರ ಕೆಲಸ ನೋಡುವುದು ಮಾತ್ರ. ಅದರ ನೆರವಿನಿಂದ ಮುಳುಗಿತೆಂದು ದಾಖಲೆಯಲ್ಲಿ ಸ್ಪಷ್ಟವಾಗಿ ಸಿಗುವ ಹಡಗು ಒಂದೇ ಒಂದು.

ಏನಿದು ಯಂತ್ರ?

ಹೆಸರು ಫೋಕೆ-ಆಖ್ಗೆಲಿಸ್ ಎಫ್‌ಎ-330. 1936ರಲ್ಲಿ ಜಗತ್ತಿನ ಮೊದಲ ಸಮರ್ಥ ಹೆಲಿಕಾಪ್ಟರ್‌ಗಳಲ್ಲಿ ಒಂದನ್ನು ಹಾರಿಸಿ ತೋರಿಸಿದ್ದ ಜರ್ಮನ್ ಎಂಜಿನಿಯರ್ ಹೆನ್ರಿಖ್ ಫೋಕೆಯ ಕಂಪನಿ ಇದನ್ನು ರೂಪಿಸಿತು. ಎರಡನೇ ಮಹಾಯುದ್ಧದಲ್ಲಿ, 1942ರಿಂದ ಇದು ಬಳಕೆಗೆ ಬಂತು. ಸುಮಾರು 200 ಯಂತ್ರಗಳು ತಯಾರಾದವು.

ತೂಕ ಸುಮಾರು 75 ಕೆ.ಜಿ., ಅಂದರೆ 50 ಕೆ.ಜಿ.ಯ ಕಾಫಿ ಚೀಲ ಒಂದೂವರೆ. ಉಕ್ಕಿನ ಕೊಳವೆಗಳ ಚೌಕಟ್ಟು, ತೆರೆದ ಆಸನ, ಹಿಂದೊಂದು ಬಾಲ, ಮೇಲೆ ಮೂರು ರೆಕ್ಕೆಗಳ ರೋಟರ್. ಬಿಡಿಭಾಗಗಳಾಗಿ ಕಳಚಿ, ಜಲಾಂತರ್ಗಾಮಿಯ ಗೋಪುರದ ಹಿಂದಿದ್ದ ನೀರು ಹೋಗದ ಕೊಳವೆಗಳಲ್ಲಿ ಇಡುತ್ತಿದ್ದರು. ಬೇಕಾದಾಗ ನಾಲ್ಕು ಜನ ಸೇರಿ ಜೋಡಿಸುತ್ತಿದ್ದರು.

ನಾವಿಕರು ಅದನ್ನು ಕರೆದದ್ದು ‘ಬಾಖ್‌ಸ್ಟೆಲ್ಟ್ಸೆ’ ಎಂದು. ಆ ಹಕ್ಕಿ ನಮಗೆ ಹೊಸದಲ್ಲ, ಅದೇ ಸಿಪಿಲೆ. ಚಳಿಗಾಲ ಬಂತೆಂದರೆ ಹಳ್ಳದ ಕಲ್ಲಿನ ಮೇಲೆ, ಕೆರೆ ದಂಡೆಯಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಬಾಲ ಮೇಲೆ ಕೆಳಗೆ ಆಡಿಸುತ್ತ ಓಡಾಡುತ್ತದಲ್ಲ, ಅದರ ಬಳಗದ ಹಕ್ಕಿ.

ಎಂಜಿನ್ ಇಲ್ಲದೆ ಹಾರಿದ್ದು ಹೇಗೆ?

ಜಾತ್ರೆಯಲ್ಲಿ ಕೊಂಡ ಗಿರಗಿಟ್ಲೆಯನ್ನು ಹಿಡಿದು ಮಗು ಓಡಿದರೆ ಅದು ತಿರುಗುತ್ತದೆ. ತಿರುಗಿಸುವುದು ಗಾಳಿ, ಮೋಟರ್ ಅಲ್ಲ. ಗಾಳಿಪಟ ಹಿಡಿದು ಗಾಳಿಗೆ ಎದುರಾಗಿ ಓಡಿದರೆ ಅದು ಮೇಲೇಳುತ್ತದೆ. ಈ ಎರಡನ್ನೂ ಸೇರಿಸಿದರೆ ಎಫ್‌ಎ-330.

ಇಲ್ಲಿ ಓಡುವ ಮಗು ಜಲಾಂತರ್ಗಾಮಿ. ಅದು ನೀರಿನ ಮೇಲೆ ಬಂದು ಗಾಳಿಗೆ ಎದುರಾಗಿ ವೇಗವಾಗಿ ಸಾಗುತ್ತಿತ್ತು. ರೋಟರನ್ನು ಮೊದಲು ಕೈಯಿಂದ ಅಥವಾ ಹಗ್ಗ ಎಳೆದು ತಿರುಗಿಸಿಬಿಡುತ್ತಿದ್ದರು. ತುಸು ಹಿಂದಕ್ಕೆ ವಾಲಿದ ರೋಟರಿನ ಅಡಿಯಿಂದ ಗಾಳಿ ನುಗ್ಗಿ ಮೇಲಕ್ಕೆ ಹಾಯುವಾಗ ಅದು ತಿರುಗುತ್ತಲೇ ಇರುತ್ತದೆ. ತಿರುಗುವ ರೆಕ್ಕೆಗಳು ವಿಮಾನದ ರೆಕ್ಕೆಯಂತೆ ಮೇಲೆತ್ತುವ ಬಲ ಕೊಡುತ್ತವೆ. ಗಂಟೆಗೆ ಸುಮಾರು 27 ಕಿ.ಮೀ. ವೇಗದ ಗಾಳಿ ಸಿಕ್ಕರೆ ಹಾರಲು ಸಾಕಿತ್ತು. ಜಲಾಂತರ್ಗಾಮಿಯ ವೇಗ, ಎದುರು ಬೀಸುವ ಗಾಳಿ, ಎರಡೂ ಕೂಡಿ ಅಷ್ಟಾದರೆ ಆಯಿತು.

ಹೀಗೆ ಗಾಳಿಯಿಂದಲೇ ರೋಟರ್ ತಿರುಗುವುದಕ್ಕೆ ‘ಆಟೋರೊಟೇಶನ್’ ಎನ್ನುತ್ತಾರೆ. ನಿಸರ್ಗದಲ್ಲಿ ಇದು ಹಳೆಯ ತಂತ್ರ. ಮಹಾಗನಿ ಮರವಿದ್ದರೆ ಬೇಸಿಗೆಯಲ್ಲಿ ಅದರ ಒಂದು ರೆಕ್ಕೆಯ ಬೀಜವನ್ನು ಎತ್ತರದಿಂದ ಬಿಟ್ಟು ನೋಡಿ. ಕಲ್ಲಿನಂತೆ ಬೀಳದೆ ಗರಗರ ತಿರುಗುತ್ತ ನಿಧಾನವಾಗಿ ಇಳಿಯುತ್ತದೆ. ಘಟ್ಟದ ಕಾಡಿನ ಕಿರಾಲುಬೋಗಿಯ ಎರಡು ರೆಕ್ಕೆಯ ಕಾಯಿ ಮಾಡುವುದೂ ಇದನ್ನೇ.

ಇದರ ಜೊತೆಗೇ ಇನ್ನೊಂದು ನಂಬಿಕೆಯನ್ನೂ ಪರೀಕ್ಷಿಸಬಹುದು. ‘ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ’ ಎನ್ನುವವರು ಬಹಳ. ಹಾಗೇನಿಲ್ಲ. ಎಂಜಿನ್ ಕೈಕೊಟ್ಟಾಗ ರೋಟರ್ ಅದರಿಂದ ಬಿಡಿಸಿಕೊಂಡು ಸ್ವತಂತ್ರವಾಗಿ ತಿರುಗುವಂಥ ವ್ಯವಸ್ಥೆ ಇರುತ್ತದೆ. ಪೈಲಟ್ ತಕ್ಷಣ ರೆಕ್ಕೆಗಳ ಕೋನ ತಗ್ಗಿಸಿದರೆ, ಕೆಳಗಿನಿಂದ ಬರುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ಪೈಲಟ್‌ಗಳಿಗೆ ಇದನ್ನು ಕಡ್ಡಾಯವಾಗಿ ಕಲಿಸುತ್ತಾರೆ. ಆದರೆ ಸಾಕಷ್ಟು ಎತ್ತರ ಅಥವಾ ವೇಗ ಇರಬೇಕು, ಇಳಿಯಲು ಜಾಗವೂ ಬೇಕು. ಚಾರ್ಮಾಡಿ ಘಾಟಿಯಂಥ ಕಡೆ ಆ ಜಾಗ ಹುಡುಕುವುದೇ ಕಷ್ಟ.

ಮೇಲೇರಿದರೆ ಎಷ್ಟು ದೂರ ಕಾಣುತ್ತದೆ?

ಸಾಗರದಲ್ಲಿ ಜಲಾಂತರ್ಗಾಮಿ ಅರೆಗುರುಡು. ನೀರಿನ ಮೇಲೆ ಬಂದಾಗಲೂ ಅದರ ಎತ್ತರ ತೀರ ಕಡಿಮೆ. ಭೂಮಿ ಗುಂಡಗಿರುವುದರಿಂದ ಕಣ್ಣಿನ ಎತ್ತರ ಕಡಿಮೆಯಾದಷ್ಟೂ ದಿಗಂತ ಹತ್ತಿರ ಬರುತ್ತದೆ. ಲೆಕ್ಕ ಸುಲಭ: ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿ. ದಿಗಂತ ಎಷ್ಟು ಕಿ.ಮೀ. ದೂರದಲ್ಲಿದೆ ಎಂಬುದು ಸಿಗುತ್ತದೆ.

ಗೋಪುರದ ಮೇಲೆ ನಿಂತವನ ಕಣ್ಣು ನೀರಿನಿಂದ 5 ಮೀಟರ್ ಮೇಲಿದ್ದರೆ ದಿಗಂತ 8 ಕಿ.ಮೀ. ದೂರ. ಎಫ್‌ಎ-330 ಏರುತ್ತಿದ್ದುದು ಸುಮಾರು 120 ಮೀಟರ್, ಅಂದರೆ 30 ಮೀಟರಿನ ನಾಲ್ಕು ಸಿಲ್ವರ್ ಓಕ್ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು. ಅಲ್ಲಿಂದ ದಿಗಂತ 39 ಕಿ.ಮೀ. ಎತ್ತರದ ಕಂಬ, ಹೊಗೆ ಇರುವ ಹಡಗು ಇನ್ನೂ ಆಚೆಗಿದ್ದರೂ ಕಾಣಬಹುದು.

ದೂರ ಹೀಗೆ ಸುಮಾರು ಐದು ಪಟ್ಟು ಹೆಚ್ಚಾದರೆ ನೋಡಬಲ್ಲ ಸಮುದ್ರದ ವಿಸ್ತೀರ್ಣ 24 ಪಟ್ಟು ಹೆಚ್ಚಾಗುತ್ತದೆ. ಕೆಳಗಿನಿಂದ ಸುಮಾರು 200 ಚದರ ಕಿ.ಮೀ., ಮೇಲಿನಿಂದ ಸುಮಾರು 4,800 ಚದರ ಕಿ.ಮೀ. ಇಡೀ ಚಿಕ್ಕಮಗಳೂರು ಜಿಲ್ಲೆಯ ವಿಸ್ತೀರ್ಣ ಸುಮಾರು 7,200 ಚದರ ಕಿ.ಮೀ. ಅದರ ಮೂರನೇ ಎರಡು ಭಾಗದಷ್ಟು ಜಾಗವನ್ನು ಒಬ್ಬನೇ ಕೂತಲ್ಲಿಂದ ನೋಡಿದಂತೆ.

ಇದೇ ಲೆಕ್ಕ ನಮ್ಮ ಬೆಟ್ಟಗಳಿಗೂ ಅನ್ವಯಿಸುತ್ತದೆ. ಕಳಸದ ಬಳಿಯ ಕುದುರೆಮುಖ ಶಿಖರ ಸುಮಾರು 1,890 ಮೀಟರ್. ಅಲ್ಲಿಂದ ದಿಗಂತ 155 ಕಿ.ಮೀ. ದೂರ, ಕರಾವಳಿ ಇರುವುದು ಸುಮಾರು 50 ಕಿ.ಮೀ. ದೂರದಲ್ಲಿ. ಮಂಜಿಲ್ಲದ ದಿನ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ ಎನ್ನುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಆದರೆ ಬೆಟ್ಟದಿಂದ ಸಮುದ್ರ ಕಂಡರೆ ಸಮುದ್ರದಿಂದಲೂ ಬೆಟ್ಟ ಕಾಣುತ್ತದೆ. ಎಫ್‌ಎ-330ರ ದೊಡ್ಡ ತೊಂದರೆ ಇದ್ದದ್ದೂ ಇಲ್ಲೇ.

ಮೇಲೆ ಕೂತವನ ಗತಿ

ಫಾರ್ವರ್ಡ್‌ಗಳು ಹೇಳದೆ ಬಿಡುವ ಭಾಗ ಇದು.

ಮೇಲಿದ್ದವನಿಗೂ ಜಲಾಂತರ್ಗಾಮಿಗೂ ನಡುವೆ ಇದ್ದದ್ದು ನೂರೈವತ್ತು ಮೀಟರ್ ಅಥವಾ ಅದಕ್ಕೂ ಉದ್ದದ ಒಂದು ಕೇಬಲ್, ಮಾತಾಡಲು ಒಂದು ಟೆಲಿಫೋನ್ ತಂತಿ. ಕಂಡದ್ದನ್ನು ಆತ ಫೋನಿನಲ್ಲಿ ಹೇಳಬೇಕು. ಕೆಳಗೆ ಇಳಿಸಬೇಕಾದರೆ ರಾಟೆಯಿಂದ ಕೇಬಲ್ ಸುತ್ತಿ ಎಳೆದುಕೊಂಡು, ರೋಟರ್ ನಿಲ್ಲಿಸಿ, ಭಾಗಗಳನ್ನು ಕಳಚಿ ಒಳಗಿಡಬೇಕು. ಇದಕ್ಕೆಲ್ಲ ನಿಮಿಷಗಟ್ಟಲೆ ಸಮಯ ಬೇಕು.

ಶತ್ರು ವಿಮಾನ ಕಂಡರೆ ಜಲಾಂತರ್ಗಾಮಿಗೆ ಅಷ್ಟು ಸಮಯ ಇರುವುದಿಲ್ಲ. ಉಳಿಯಬೇಕಾದರೆ ಅದು ಕೂಡಲೇ ಮುಳುಗಬೇಕು. ಮೇಲಿರುವವನಿಗಾಗಿ ಕಾದರೆ ಒಳಗಿರುವ ಐವತ್ತು ಅರವತ್ತು ಜನರ ಜೀವಕ್ಕೆ ಅಪಾಯ.

ಅದಕ್ಕೊಂದು ವ್ಯವಸ್ಥೆ ಮಾಡಿದ್ದರು. ಪೈಲಟ್ ಒಂದು ಹಿಡಿ ಎಳೆದರೆ ಕೇಬಲ್ ಕಳಚಿಕೊಳ್ಳುತ್ತಿತ್ತು, ರೋಟರ್ ಬೇರ್ಪಟ್ಟು ಮೇಲಕ್ಕೆ ಹೋಗುತ್ತಿತ್ತು, ಅದರ ಜೊತೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಆತ ಬೆಲ್ಟ್ ಬಿಚ್ಚಿ ಉಳಿದ ಚೌಕಟ್ಟನ್ನು ಸಮುದ್ರಕ್ಕೆ ಬಿಟ್ಟು ತಾನು ಪ್ಯಾರಾಚೂಟಿನಲ್ಲಿ ನೀರಿಗಿಳಿಯಬೇಕು. ಜಲಾಂತರ್ಗಾಮಿ ಮತ್ತೆ ಮೇಲೆದ್ದು ಹುಡುಕಿದರೆ ಬದುಕಿದ. ಇಲ್ಲದಿದ್ದರೆ ಇಲ್ಲ. ಅವನನ್ನು ಮೇಲಕ್ಕೆ ಕಳಿಸಿದವರಿಗೂ ಇದು ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಕೊನೆಗೆ ಎಷ್ಟು ಉಪಯೋಗವಾಯಿತು?

ಅಟ್ಲಾಂಟಿಕ್ ಸಾಗರದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು, ರೇಡಾರ್ ಹೆಚ್ಚಿದ್ದವು. ಅಲ್ಲಿ ಇದನ್ನು ಹಾರಿಸುವುದೆಂದರೆ ಕೈಯೆತ್ತಿ ‘ಇಲ್ಲಿದ್ದೇವೆ’ ಎಂದಂತೆ. ಹಾಗಾಗಿ ಇದು ಮುಖ್ಯವಾಗಿ ದೂರ ಸಾಗುವ ದೊಡ್ಡ ಜಲಾಂತರ್ಗಾಮಿಗಳಲ್ಲಿ, ಕಾವಲು ಕಡಿಮೆಯಿದ್ದ ಹಿಂದೂ ಮಹಾಸಾಗರದಂಥ ಕಡೆ ಬಳಕೆಯಾಯಿತು.

1943ರ ಆಗಸ್ಟ್‌ನಲ್ಲಿ ಯು-177 ಎಂಬ ಜಲಾಂತರ್ಗಾಮಿ ಮಡಗಾಸ್ಕರ್ ಬಳಿ ಇದರ ನೆರವಿನಿಂದ ಗ್ರೀಸಿನ ‘ಎಫ್ತಾಲಿಯಾ ಮಾರಿ’ ಎಂಬ ಸರಕು ಹಡಗನ್ನು ಪತ್ತೆ ಮಾಡಿ ಟಾರ್ಪಿಡೊ ಹೊಡೆದು ಮುಳುಗಿಸಿತು. ಆರಂಭದಲ್ಲಿ ನಾವು ಹೇಳಿದ ಆ ಒಂದು ಹಡಗು ಇದೇ. ಮುಳುಗಿಸಿದ್ದು ಟಾರ್ಪಿಡೊ, ಗಾಳಿಪಟ ಅಲ್ಲ. ಮುಂದೆ 1944ರ ಫೆಬ್ರವರಿಯಲ್ಲಿ ಅದೇ ಯು-177ನ್ನು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಅಮೆರಿಕದ ವಿಮಾನವೊಂದು ಮುಳುಗಿಸಿತು.

1944ರ ಮೇ ತಿಂಗಳಲ್ಲಿ ಸೊಮಾಲಿಯಾ ತೀರದಲ್ಲಿ ಯು-852 ವಿಮಾನ ದಾಳಿಗೆ ಸಿಕ್ಕಿ ದಡ ಹತ್ತಿತು. ಅದರಲ್ಲಿದ್ದ ಎಫ್‌ಎ-330 ಬ್ರಿಟಿಷರ ಕೈಸೇರಿತು. ಇದೇ ಜಲಾಂತರ್ಗಾಮಿ ಅದೇ ವರ್ಷ ಮಾರ್ಚ್‌ನಲ್ಲಿ ‘ಪೆಲಿಯಸ್’ ಹಡಗನ್ನು ಮುಳುಗಿಸಿ, ನೀರಿನಲ್ಲಿ ತೇಲುತ್ತಿದ್ದವರ ಮೇಲೆ ಗುಂಡು ಹಾರಿಸಿತ್ತು. ಆ ಅಪರಾಧಕ್ಕೆ ಅದರ ಕಮಾಂಡರ್ ಹೈನ್ಸ್-ವಿಲ್ಹೆಲ್ಮ್ ಎಕ್‌ಗೆ ಯುದ್ಧದ ನಂತರ ಮರಣದಂಡನೆಯಾಯಿತು. ‘ಅದ್ಭುತ ತಂತ್ರಜ್ಞಾನ’ ಎಂದು ಹಂಚುವಾಗ ಅದು ಯಾರ ಕೈಯಲ್ಲಿತ್ತು ಎಂಬುದೂ ನೆನಪಿರಲಿ.

ಇದಕ್ಕೂ ನಮ್ಮ ಕಡೆಗೂ ಏನು ಸಂಬಂಧ?

ಹಿಂದೂ ಮಹಾಸಾಗರಕ್ಕೆ 1943ರಲ್ಲಿ ಬಂದ ಜರ್ಮನ್ ಜಲಾಂತರ್ಗಾಮಿಗಳ ತಂಡದ ಹೆಸರೇ ‘ಮಾನ್ಸೂನ್’. ನಮ್ಮ ಮುಂಗಾರು ಮುಗಿದು ಕಡಲು ತಣ್ಣಗಾಗುವ ಹೊತ್ತಿಗೆ ದಾಳಿ ಶುರು ಮಾಡುವುದು ಅವರ ಯೋಜನೆಯಾಗಿತ್ತು. ಆ ತಂಡದ ಎಲ್ಲ ಜಲಾಂತರ್ಗಾಮಿಗಳಲ್ಲೂ ಎಫ್‌ಎ-330 ಇತ್ತು ಎಂದು ಅರ್ಥವಲ್ಲ.

ಹಡಗು ಎಲ್ಲಿದೆ ಎಂಬ ಸುದ್ದಿಗೆ ಎಷ್ಟು ಬೆಲೆ ಇತ್ತು ಎನ್ನುವುದಕ್ಕೆ ಕಾರವಾರದ ಪಕ್ಕದ ಗೋವಾದಲ್ಲೇ ಒಂದು ಉದಾಹರಣೆ ಇದೆ. ಮರ್ಮಗೋವಾ ಬಂದರಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ‘ಎಹ್ರೆನ್‌ಫೆಲ್ಸ್’ ಹಡಗು ರೇಡಿಯೊ ಮೂಲಕ ಜಲಾಂತರ್ಗಾಮಿಗಳಿಗೆ ಸುದ್ದಿ ಕೊಡುತ್ತಿದೆ ಎಂಬುದು ಬ್ರಿಟಿಷರ ಶಂಕೆ. 1943ರ ಮಾರ್ಚ್‌ನಲ್ಲಿ ಕಲ್ಕತ್ತ ಲೈಟ್ ಹಾರ್ಸ್ ಎಂಬ ತುಕಡಿಯ ಹವ್ಯಾಸಿ ಸೈನಿಕರು ಅದರ ಮೇಲೆ ರಾತ್ರಿ ದಾಳಿ ನಡೆಸಿದರು. ಹಡಗು ಬಂದರಿನಲ್ಲೇ ಮುಳುಗಿತು.

ಆ ಹಡಗುಗಳಲ್ಲಿ ಇದ್ದವರು ಯಾರು? ಬ್ರಿಟಿಷ್ ಸರಕು ಹಡಗುಗಳ ಡೆಕ್ಕಿನಲ್ಲಿ, ಎಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದವರಲ್ಲಿ ಸಾವಿರಾರು ಮಂದಿ ‘ಲಸ್ಕರ್’ ಎಂದು ಕರೆಸಿಕೊಂಡ ಭಾರತೀಯ ಖಲಾಸಿಗಳು. ಟಾರ್ಪಿಡೊ ಬಿದ್ದರೆ ಎಂಜಿನ್ ಕೋಣೆಯಲ್ಲಿದ್ದವನಿಗೆ ಪ್ಯಾರಾಚೂಟ್ ಇರಲಿಲ್ಲ.

ಕಾಫಿನಾಡಿಗೂ ಯುದ್ಧದ ಬಿಸಿ ತಟ್ಟಿತ್ತು. ಯುರೋಪಿನ ಮಾರುಕಟ್ಟೆ ಮುಚ್ಚಿ, ಹಡಗಿನಲ್ಲಿ ಜಾಗ ಸಿಗದೆ ಕಾಫಿ ಉಳಿದುಹೋಯಿತು. 1940ರ ಸುಗ್ರೀವಾಜ್ಞೆ, ಆಮೇಲೆ 1942ರ ಕಾಯ್ದೆಯ ಮೂಲಕ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ‘ಪೂಲ್’ ಪದ್ಧತಿ ಬಂದದ್ದು ಈ ಹಿನ್ನೆಲೆಯಲ್ಲೇ. ಹಳೆಯ ಬೆಳೆಗಾರರಿಗೆ ಚೆನ್ನಾಗಿ ನೆನಪಿರುವ ಆ ಪದ್ಧತಿ 1990ರ ದಶಕದವರೆಗೂ ನಡೆಯಿತು. ಇದಕ್ಕೆಲ್ಲ ಜಲಾಂತರ್ಗಾಮಿಯೊಂದೇ ಕಾರಣ ಅಂತ ಹೇಳಲಾಗದು, ಆದರೆ ಕಡಲಿನ ಯುದ್ಧ ಬೆಟ್ಟದ ತೋಟವನ್ನೂ ಮುಟ್ಟಿತ್ತು ಎನ್ನಬಹುದು.

ಫಾರ್ವರ್ಡ್ ಮಾಡುವ ಮುನ್ನ ಚಿತ್ರದಲ್ಲಿ ಇವನ್ನು ನೋಡಿ

1. ಆಸನದ ಹಿಂದೆ ಎಂಜಿನ್ ಮತ್ತು ಪಂಖ ಇದೆಯೇ? ಇದ್ದರೆ ಅದು ಜೈರೊಕಾಪ್ಟರ್, ಬೇರೆಯೇ ಯಂತ್ರ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ರೂಪಿಸಿದ, ಎಂಜಿನ್ ಇರುವ ಈ ಜಾತಿಯ ಯಂತ್ರ 1923ರಲ್ಲೇ ಹಾರಿತ್ತು.

2. ಕೇಬಲ್ ಕಾಣುತ್ತಿದೆಯೇ? ಎಫ್‌ಎ-330 ಕೆಲಸ ಮಾಡುತ್ತಿದ್ದುದೇ ಕೇಬಲ್ ಕಟ್ಟಿ ಎಳೆದಾಗ.

3. ಹಿನ್ನೆಲೆ ಕಟ್ಟಡದ್ದೇ, ಸಮುದ್ರದ್ದೇ? ಉಳಿದಿರುವ ಕೆಲವು ಯಂತ್ರಗಳು ಬ್ರಿಟನ್, ಜರ್ಮನಿ, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿವೆ. ಯುದ್ಧದ ನಂತರ ಬ್ರಿಟನ್, ಅಮೆರಿಕಗಳಲ್ಲಿ ಇದನ್ನು ಪರೀಕ್ಷಿಸಿಯೂ ನೋಡಿದ್ದರು. ಹಾಗಾಗಿ ಎಲ್ಲ ಚಿತ್ರವೂ ಯುದ್ಧಕಾಲದ್ದಲ್ಲ.

4. ‘ಬಾಂಬ್ ಹಾಕುತ್ತಿತ್ತು’, ‘ನೂರಾರು ಹಡಗು ಮುಳುಗಿಸಿತು’ ಎಂದಿದೆಯೇ? ಆ ಸಾಲು ಸುಳ್ಳು.

ನಮ್ಮ ತೀರ್ಮಾನ: ಅರ್ಧ ನಿಜ. ಯಂತ್ರ ನಿಜ, ಅದರ ಜಾಣತನವೂ ನಿಜ. ಆದರೆ ಸುಮಾರು 200 ಯಂತ್ರ ಮಾಡಿ, ಪೈಲಟ್‌ಗಳಿಗೆ ತರಬೇತಿ ಕೊಟ್ಟು, ಅವರ ಜೀವವನ್ನು ಒಂದು ಕೇಬಲ್‌ಗೆ ಕಟ್ಟಿ ಮೇಲಕ್ಕೆ ಬಿಟ್ಟಿದ್ದಕ್ಕೆ ದಾಖಲೆಯಲ್ಲಿ ಸಿಗುವ ಫಲ ಒಂದೇ ಹಡಗು. ಚಿತ್ರ ಹಂಚುವುದಾದರೆ ಈ ಲೆಕ್ಕವನ್ನೂ ಜೊತೆಗೆ ಹಂಚಿ.